ಭಟ್ಟಿಯ ಕಲಗಚ್ಚು

ಹೈನುಗಾರಿಕೆಯಲ್ಲಿ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿ ಮಾಡಿ, "ಮೇಷ್ಟ್ರೇ, ಮೆಕ್ಕೆಜೋಳದಿಂದ ಎಥೆನಾಲ್ ತೆಗೆದು ಉಳಿದ ಪುಡಿಯನ್ನು ಪಶು ಆಹಾರಕ್ಕೆ ಬೆರೆಸುತ್ತಾರಲ್ಲ, ಸಾರವೆಲ್ಲ ಹೋದ ಮೇಲೆ ಅದರಲ್ಲಿ ಉಳಿಯುವುದೇನು?" ಎಂದು ಕೇಳಿದ. ಈ ಪ್ರಶ್ನೆ ಹೊಸದಲ್ಲ.

19ನೆಯ ಶತಮಾನದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ನಗರದ ವಿಸ್ಕಿ ಭಟ್ಟಿಗಳ ಮಗ್ಗುಲಲ್ಲಿಯೇ ದೊಡ್ಡ ಕೊಟ್ಟಿಗೆಗಳಿದ್ದವು. ಧಾನ್ಯದಿಂದ ಮದ್ಯ ಇಳಿಸಿದ ಬಳಿಕ ಉಳಿದ ಬಿಸಿ ಕಲಗಚ್ಚು ಮರದ ದೋಣಿಗಳಲ್ಲಿ ಹಸುಗಳ ಮುಂದೆ ಹರಿದು ಬರುತ್ತಿತ್ತು. ಹಸುಗಳಿಗೆ ಅದೇ ಮೇವು, ಅದೇ ನೀರು. ಹುಲ್ಲಿಲ್ಲ, ಬಿಸಿಲಿಲ್ಲ, ಅಡ್ಡಾಡಲು ಜಾಗವಿಲ್ಲ. ರೋಗ ಹಿಡಿದ ಆ ಹಸುಗಳ ನೀಲಿಛಾಯೆಯ ತೆಳು ಹಾಲಿಗೆ ಸುಣ್ಣದ ಪುಡಿ, ಹಿಟ್ಟು ಬೆರೆಸಿ ಶುದ್ಧ ಹಳ್ಳಿಯ ಹಾಲೆಂದು ಮಾರುತ್ತಿದ್ದರು. ಮದ್ಯಪಾನ ವಿರೋಧಿಯಾಗಿದ್ದ ರಾಬರ್ಟ್ ಹಾರ್ಟ್ಲಿ 1842ರಲ್ಲಿಯೇ ಗ್ರಂಥವೊಂದನ್ನು ಬರೆದು, ನಗರದ ಶಿಶುಮರಣಕ್ಕೆ ಈ ಹಾಲು ಕಾರಣವೆಂದು ಎಚ್ಚರಿಸಿದ್ದರು. 1858ರಲ್ಲಿ ಫ್ರಾಂಕ್ ಲೆಸ್ಲಿ ತಮ್ಮ ಸಚಿತ್ರ ಪತ್ರಿಕೆಯಲ್ಲಿ ಆ ಕೊಟ್ಟಿಗೆಗಳ ಚಿತ್ರಗಳನ್ನು ಅಚ್ಚು ಹಾಕಿದಾಗ ಊರೇ ಬೆಚ್ಚಿತು. ಆದರೂ ನಗರಸಭೆಯ ಸಮಿತಿಯ ಬಹುಮತ ವರದಿ ಕೊಟ್ಟಿಗೆಯವರ ಪರವಾಗಿಯೇ ಇತ್ತು. ಅಶುದ್ಧ ಹಾಲಿನ ಮಾರಾಟವನ್ನು ನಿಷೇಧಿಸುವ ರಾಜ್ಯ ಕಾನೂನು ಬಂದದ್ದು 1862ರಲ್ಲಿ. ಹಾರ್ಟ್ಲಿ ಎಚ್ಚರಿಸಿ 20 ವರ್ಷ ಕಳೆದಿತ್ತು!

ಹಾಗಾದರೆ ಆ ಕಲಗಚ್ಚೇ ವಿಷವೇ? ಅಲ್ಲ. ಮೆಕ್ಕೆಜೋಳದ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟ. ಯೀಸ್ಟ್ ಮದ್ಯಸಾರವಾಗಿಸುವುದು ಅದನ್ನು ಮಾತ್ರ. ಪ್ರೋಟೀನು, ಕೊಬ್ಬು, ನಾರು, ರಂಜಕ ಹಾಗೆಯೇ ಉಳಿದು ಸುಮಾರು ಮೂರು ಪಟ್ಟು ಸಾಂದ್ರವಾಗುತ್ತವೆ. ಕಾಳಿನಲ್ಲಿ ಶೇಕಡಾ 8–9ರಷ್ಟಿದ್ದ ಪ್ರೋಟೀನು ಒಣಗಿಸಿದ ಶೇಷದಲ್ಲಿ ಶೇಕಡಾ 27–30ರಷ್ಟಿರುತ್ತದೆ. ಆದರೆ ಕ್ಯಾಲ್ಸಿಯಂ ತೀರ ಕಡಿಮೆ. ಕಾಳಿಗೆ ಬೂಷ್ಟು ಹಿಡಿದಿದ್ದರೆ ಅದರ ವಿಷವೂ ಹಾಗೆಯೇ ಮೂರು ಪಟ್ಟಾಗುತ್ತದೆ. ನ್ಯೂಯಾರ್ಕಿನ ಕಲಗಚ್ಚಿನಲ್ಲಿಯೂ ಸತ್ವವಿತ್ತು. ಆದರೆ ಬಹುಪಾಲು ನೀರೇ ಆಗಿದ್ದ ಅದೊಂದನ್ನೇ ಕುಡಿದು ಯಾವ ಹಸು ಬದುಕೀತು? ಜೊತೆಗೆ ಹೊಲಸು, ರೋಗ, ಕಲಬೆರಕೆ. ಮಕ್ಕಳನ್ನು ಕೊಂದದ್ದು ಧಾನ್ಯದ ಶೇಷವಲ್ಲ, ಮನುಷ್ಯರ ಲೋಭ.

ನನ್ನ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ: "ಹಾಕಪ್ಪಾ, ಆದರೆ ಹಿಂಡಿಯಂತೆ ಮಿತವಾಗಿ ಹಾಕು. ಹಸಿ ಮೇವು, ಒಣಹುಲ್ಲು, ಖನಿಜ ಮಿಶ್ರಣ ತಪ್ಪಿಸಬೇಡ. ಬೂಷ್ಟಿನ ವಿಷದ ಪರೀಕ್ಷೆ ಆಗಿದೆಯೇ ಎಂದು ಕೇಳಿಯೇ ಕೊಳ್ಳು. ನಿನ್ನ ಹಸುವಿನ ಹಾಲು ಕುಡಿಯುವುದೂ ಯಾರದೋ ಮನೆಯ ಮಗುವೇ."