ಕುವೈತ್: ಎಣ್ಣೆಗಿಂತ ಮೊದಲೇ ಬಂದ ಶಾಲೆ



ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ ಗಲ್ಫಿನ ಸುದ್ದಿ ಇಲ್ಲದ ಮನೆ ಸಿಗುವುದು ಕಷ್ಟ. ಕಪಾಟಿನಲ್ಲಿ ಒಂದು ಅತ್ತರಿನ ಬಾಟಲಿ, ಗೋಡೆಯ ಮೇಲೆ ಒಂದು ಗಡಿಯಾರ, ಮೂಲೆಯಲ್ಲಿ ಹಗ್ಗ ಬಿಗಿದ ಒಂದು ಹಳೆಯ ಸೂಟ್‌ಕೇಸ್. ನಮ್ಮ ಹುಡುಗರಿಗೆ ದೀನಾರಿನ ಇಂದಿನ ದರ ಬಾಯಿಪಾಠ. ಆದರೆ ಎಣ್ಣೆ ಸಿಗುವ ಮೊದಲು ಆ ಜನ ಹೇಗೆ ಬದುಕಿದ್ದರು ಎಂದು ಕೇಳಿ ನೋಡಿ. ಮರಳು, ಒಂಟೆ, ಖರ್ಜೂರ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಎಣ್ಣೆ ಸಿಕ್ಕಿತು, ಹಣ ಬಂತು, ಆಮೇಲೆ ಶಾಲೆ ಕಟ್ಟಿದರು ಎಂಬ ಕಥೆಯನ್ನು ನಾವೆಲ್ಲ ನಂಬಿಕೊಂಡಿದ್ದೇವೆ. ಕುವೈತಿನ ಮಟ್ಟಿಗೆ ಈ ಕಥೆ ತಲೆಕೆಳಗು. ಅಲ್ಲಿ ಮೊದಲ ಆಧುನಿಕ ಶಾಲೆ ಬಾಗಿಲು ತೆರೆದದ್ದು 1911ರಲ್ಲಿ. ಎಣ್ಣೆ ತುಂಬಿದ ಮೊದಲ ಹಡಗು ಹೊರಟದ್ದು 1946ರಲ್ಲಿ. ಈ ಮೂವತ್ತೈದು ವರ್ಷಗಳ ಅಂತರವನ್ನು ನೀವು ಗಮನಿಸಬೇಕೆಂದೇ ಈ ಲೇಖನ.

ಹಳೆಯ ಕುವೈತ್ ಮರಳಿಗೆ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿ ಕುಳಿತ ಊರು. ಕುಡಿಯುವ ನೀರಿಗೂ ಅವರು ಕಡಲನ್ನೇ ನಂಬಿದ್ದರು. ಬಾವಿಗಳ ನೀರು ಸಾಲದಾದಾಗ ಶತ್ತುಲ್ ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಸಿಹಿನೀರು ತುಂಬಿ ತರುತ್ತಿದ್ದರು. ಅದನ್ನು ಹೆಗಲ ಮೇಲಿನ ಅಡ್ಡಕೋಲಿಗೆ ಎರಡು ಡಬ್ಬ ತೂಗುಹಾಕಿಕೊಂಡು ಮನೆಮನೆಗೆ ಮಾರುವವನಿಗೆ ಕಂದರಿ ಎಂದು ಹೆಸರು. ಮನೆಗಳು ಮಣ್ಣಿನವು. ಮಾಡಿನ ಕಂಬಗಳು ಪೂರ್ವ ಆಫ್ರಿಕಾದಿಂದ ಬರುತ್ತಿದ್ದವು. ಹಡಗು ಕಟ್ಟುವ ತೇಗದ ಮರ ನಮ್ಮ ಮಲಬಾರಿನಿಂದ, ಅಕ್ಕಿ ಹಿಂದೂಸ್ತಾನದಿಂದ. ಬಸ್ರಾದ ಖರ್ಜೂರ ತುಂಬಿಕೊಂಡು ಅವರ ಹಡಗುಗಳು ಕರಾಚಿ, ಮುಂಬಯಿ, ಕಲ್ಲಿಕೋಟೆಗೆ ಬರುತ್ತಿದ್ದವು. ಅಂದರೆ ನಾವು ಅತ್ತ ಹೋಗುವುದಕ್ಕೆ ಎಷ್ಟೋ ಮೊದಲು ಅವರು ಇತ್ತ ಬರುತ್ತಿದ್ದರು. ಇದನ್ನು ನಾವು ಮರೆತಿದ್ದೇವೆ, ಅವರೂ ಸ್ವಲ್ಪ ಮರೆತಂತಿದೆ!

ಬೇಸಿಗೆಯ ನಾಲ್ಕು ತಿಂಗಳು ಮುತ್ತಿನ ಕಾಲ. ಊರಿನ ಗಂಡಸರಲ್ಲಿ ಬಹುಪಾಲು ಮಂದಿ ಕಡಲಿನ ಮೇಲೆ. ಮುಳುಗುವವನಿಗೆ ಗವ್ವಾಸ್, ಮೇಲಿನಿಂದ ಹಗ್ಗ ಎಳೆಯುವವನಿಗೆ ಸೈಬ್, ಹಡಗಿನ ಒಡೆಯನಿಗೆ ನಖೂದ. ಗವ್ವಾಸ್ ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಕಲ್ಲಿನ ಭಾರದಲ್ಲಿ ತಳಕ್ಕಿಳಿದು, ಉಸಿರು ಹಿಡಿದಷ್ಟು ಹೊತ್ತು ಚಿಪ್ಪು ಬಾಚಿ ಬುಟ್ಟಿಗೆ ತುಂಬಬೇಕು. ಹಗ್ಗ ಜಗ್ಗಿದ ಕೂಡಲೇ ಸೈಬ್ ಮೇಲೆತ್ತಬೇಕು. ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ. ಹೊಟ್ಟೆ ತುಂಬಿದವನು ಮುಳುಗಲಾರ, ಆದ್ದರಿಂದ ಹಗಲೆಲ್ಲ ಹೆಚ್ಚುಕಡಿಮೆ ಉಪವಾಸ. ಅನ್ನ, ಮೀನು ಸಿಗುವುದು ಸೂರ್ಯ ಮುಳುಗಿದ ಮೇಲೆ. ಕಿವಿ ಒಡೆದವರು, ಕಣ್ಣು ಕಳೆದುಕೊಂಡವರು ಎಷ್ಟೋ ಮಂದಿ. ಗಳಿಕೆಯಲ್ಲಿ ಗವ್ವಾಸನಿಗೆ ಮೂರು ಪಾಲು, ಸೈಬನಿಗೆ ಎರಡು.

ಪಾಲು ಎಂದೆ. ಆದರೆ ಆ ಪಾಲು ಕೈಗೆ ಬರುವುದು ಅಪರೂಪವಾಗಿತ್ತು. ಯಾಕೆಂದರೆ ಹಡಗು ಹತ್ತುವ ಮೊದಲೇ ಮನೆ ಖರ್ಚಿಗೆಂದು ನಖೂದನಿಂದ ಮುಂಗಡ ತೆಗೆದುಕೊಂಡಾಗಿರುತ್ತಿತ್ತು. ನಖೂದನೂ ಆ ಹಣವನ್ನು ದೊಡ್ಡ ವರ್ತಕನಿಂದ ತಂದಿರುತ್ತಿದ್ದ. ಋತು ಮುಗಿದ ಮೇಲೆ ಲೆಕ್ಕ ನೋಡಿದರೆ ಸಾಲವೇ ಉಳಿಯುತ್ತಿತ್ತು. ಸಾಲ ತೀರದೆ ಬೇರೆ ಹಡಗಿಗೆ ಹೋಗುವಂತಿಲ್ಲ. ಸತ್ತರೆ ಸಾಲ ಮಗನ ಹೆಗಲಿಗೆ. ಬರೆಯಲು ಓದಲು ಬಾರದವನಿಗೆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಹೇಗೆ ತಿಳಿಯಬೇಕು? ತಾಯಿಯ ಬಳೆ ಅಡವಿಟ್ಟು ವೀಸಾಕ್ಕೆ ಹಣ ಕಟ್ಟಿ, ಅಲ್ಲಿಗೆ ಹೋಗಿ ಎರಡು ವರ್ಷ ಆ ಸಾಲವನ್ನೇ ತೀರಿಸಿದ ಯುವಕರನ್ನು ನಾನೂ ಬಲ್ಲೆ, ನೀವೂ ಬಲ್ಲಿರಿ. ಅರಬಿ ಭಾಷೆಯ ಕರಾರು ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿದವರೂ ಅವರಲ್ಲಿದ್ದಾರೆ. ಗವ್ವಾಸನ ಕಥೆ ಅವರಿಗೆ ಹೊಸದಾಗಿ ಕೇಳಿಸಲಾರದು.

ಶಾಲೆಯ ವಿಷಯಕ್ಕೆ ಬರೋಣ. ಅಲ್ಲಿಯವರೆಗೆ ಮಕ್ಕಳು ಮುಲ್ಲಾನ ಬಳಿ ಕುಳಿತು ಕುರ್‌ಆನ್ ಓದಲು ಕಲಿಯುತ್ತಿದ್ದರು, ಜೊತೆಗೆ ಒಂದಿಷ್ಟು ಬರವಣಿಗೆ, ಲೆಕ್ಕ. ವ್ಯಾಪಾರ ಬೆಳೆದಂತೆ ಪತ್ರ ವ್ಯವಹಾರ, ಹಡಗಿನ ಲೆಕ್ಕಪತ್ರ ಬಲ್ಲವರು ಬೇಕಾದರು. ಶೇಖ್ ಯೂಸುಫ್ ಬಿನ್ ಈಸಾ ಅಲ್-ಖಿನಾಈ ಮೊದಲಾದವರು ಮುಂದೆ ನಿಂತು ಊರಿನ ವರ್ತಕರಿಂದ ಚಂದಾ ಎತ್ತಿದರು. ಮುಂಬಯಿಯಲ್ಲಿ ಮುತ್ತಿನ ವ್ಯಾಪಾರ ಮಾಡುತ್ತಿದ್ದ ಅಲ್-ಇಬ್ರಾಹಿಂ ಮನೆತನದವರು ದೊಡ್ಡ ಮೊತ್ತ ಕೊಟ್ಟರು. ಆಗ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ, ಆದ್ದರಿಂದ ಚಂದಾ ಕೂಡ ರೂಪಾಯಿಯಲ್ಲೇ ಬಂತು. ಆಳುತ್ತಿದ್ದ ಶೇಖ್ ಮುಬಾರಕರ ಹೆಸರಿನಲ್ಲಿ ಮುಬಾರಕಿಯಾ ಶಾಲೆ ಆರಂಭವಾಯಿತು. ಗವ್ವಾಸರ ಸಾಲದ ಪುಸ್ತಕ ಹಿಡಿದುಕೊಂಡಿದ್ದ ವರ್ತಕ ವರ್ಗವೇ ಈ ಶಾಲೆಯನ್ನೂ ಕಟ್ಟಿಸಿತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಇತಿಹಾಸದಲ್ಲಿ ಒಳ್ಳೆಯವರೂ ಕೆಟ್ಟವರೂ ಬೇರೆ ಬೇರೆ ಸಾಲಿನಲ್ಲಿ ನಿಂತಿರುವುದಿಲ್ಲ. 1921ರಲ್ಲಿ ಅಹ್ಮದಿಯಾ ಶಾಲೆ ಬಂತು, ಅಲ್ಲಿ ಇಂಗ್ಲಿಷ್ ಕೂಡ ಕಲಿಸಿದರು. ಇಂಗ್ಲಿಷ್ ಬೇಕೇ ಬೇಡವೇ ಎಂಬ ಜಗಳ ಆಗಲೂ ಇತ್ತು. ನಮ್ಮಲ್ಲಿ ಮಾತ್ರ ಇದ್ದದ್ದಲ್ಲ.

ಆಮೇಲೆ ಕೆಟ್ಟ ಕಾಲ. ಜಪಾನಿನವರು ಸಾಕಿದ ಚಿಪ್ಪಿನಿಂದ ಮುತ್ತು ತೆಗೆಯುವುದನ್ನು ಕಲಿತು ಮಾರುಕಟ್ಟೆಗೆ ಸುರಿದರು. ಜೊತೆಗೆ 1929ರ ನಂತರದ ಜಾಗತಿಕ ಮುಗ್ಗಟ್ಟು. ಕೊಳ್ಳುವವರೇ ಇಲ್ಲದೆ ಹಡಗುಗಳು ದಡದಲ್ಲಿ ಒಣಗಿದವು. 1934ರಲ್ಲಿ ಸುರಿದ ಭಾರೀ ಮಳೆಗೆ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆ ವರ್ಷವನ್ನು ಜನ ‘ಹದಾಮಾ’, ಅಂದರೆ ಕುಸಿತದ ವರ್ಷ, ಎಂದೇ ಕರೆದರು. ಅದೇ ವರ್ಷ ಡಿಸೆಂಬರ್ 23ರಂದು ಶೇಖ್ ಅಹ್ಮದ್ ಅಲ್-ಜಾಬಿರ್ ಕುವೈತ್ ಆಯಿಲ್ ಕಂಪೆನಿಗೆ 75 ವರ್ಷಗಳ ಎಣ್ಣೆ ಗುತ್ತಿಗೆಗೆ ಸಹಿ ಹಾಕಿದರು. ಸಹಿಗೆ ಸಿಕ್ಕ ಹಣ 4,75,000 ರೂಪಾಯಿ, ಎಣ್ಣೆ ಸಿಕ್ಕಿದ ಮೇಲೆ ಟನ್ನಿಗೆ 3 ರೂಪಾಯಿ. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಈ ಅಂಕಿಯನ್ನು ಎರಡು ಸಲ ಓದಲಿ.

ಕೈ ಬರಿದಾಗಿದ್ದ ಅದೇ ವರ್ಷಗಳಲ್ಲಿ, 1936ರಲ್ಲಿ, ಕುವೈತಿನವರು ಶಿಕ್ಷಣ ಮಂಡಳಿ ರಚಿಸಿದರು. ವರ್ತಕರು ತಮ್ಮ ಆಮದಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ಖರ್ಚು ಹೊತ್ತರು. ಪ್ಯಾಲೆಸ್ಟೀನಿನಿಂದ ನಾಲ್ವರು ಶಿಕ್ಷಕರನ್ನು ಕರೆಸಿದರು. ಹೆಚ್ಚು ತಡವಿಲ್ಲದೆ ಹೆಣ್ಣುಮಕ್ಕಳ ಶಾಲೆಯೂ ಆಯಿತು. ಬುರ್ಗಾನಿನಲ್ಲಿ ಎಣ್ಣೆ ಚಿಮ್ಮಿದ್ದು ಇದಾದ ಮೇಲೆ, 1938ರ ಫೆಬ್ರವರಿಯಲ್ಲಿ. ಚಿಮ್ಮಿದರೂ ಹಣ ಬರಲಿಲ್ಲ. ಮಹಾಯುದ್ಧ ಬಂದು 1942ರಲ್ಲಿ ಬಾವಿಗಳನ್ನೇ ಮುಚ್ಚಿದರು. 1946ರ ಜೂನ್ 30ರಂದು ಶೇಖ್ ಅಹ್ಮದ್ ಬೆಳ್ಳಿಯ ಚಕ್ರ ತಿರುಗಿಸಿ ‘ಬ್ರಿಟಿಷ್ ಫ್ಯುಸಿಲಿಯರ್’ ಎಂಬ ಹಡಗಿಗೆ ಎಣ್ಣೆ ಹರಿಸಿದ ದಿನವೇ ನಿಜವಾದ ಆರಂಭ.

ಅಲ್ಲಿಂದ ಮುಂದೆ ಎಲ್ಲವೂ ಓಡಿತು. 1951ರಲ್ಲಿ ಇರಾನ್ ತನ್ನ ಎಣ್ಣೆಯನ್ನು ರಾಷ್ಟ್ರೀಕರಿಸಿದಾಗ ಕಂಪೆನಿಗಳು ಕುವೈತಿನಿಂದ ಹೆಚ್ಚು ಹೆಚ್ಚು ಎಣ್ಣೆ ಎತ್ತಿದವು. ಅದೇ ವರ್ಷ ಲಾಭ ಅರ್ಧಕ್ಕರ್ಧ ಎಂದು ಹೊಸ ಒಪ್ಪಂದವಾಯಿತು. 1953ರಲ್ಲಿ ಶುವೈಖಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಬಂತು, ದಿನಕ್ಕೆ ಹತ್ತು ಲಕ್ಷ ಗ್ಯಾಲನ್. ಕಂದರಿಯ ಕೆಲಸ ಮುಗಿಯುತ್ತ ಬಂತು. 1920ರಲ್ಲಿ ಊರಿನ ಗಂಡಸರೆಲ್ಲ ಸೇರಿ ಕೆಲವೇ ತಿಂಗಳಲ್ಲಿ ಕಟ್ಟಿದ್ದ ಮಣ್ಣಿನ ಕೋಟೆಗೋಡೆಯನ್ನು 1957ರಲ್ಲಿ ಕೆಡವಿದರು. ಬಾಗಿಲುಗಳನ್ನು ಮಾತ್ರ ನೆನಪಿಗೆ ಉಳಿಸಿಕೊಂಡರು. ಸರಕಾರ ಹಳೆಯ ಊರಿನ ಮನೆಗಳನ್ನು ಒಳ್ಳೆಯ ಬೆಲೆಗೆ ಕೊಂಡುಕೊಂಡಿತು, ಜನ ಹೊರಗಿನ ಹೊಸ ಬಡಾವಣೆಗಳಿಗೆ ಹೋದರು. ಅಂಗಳದ ಮನೆ ಹೋಗಿ ಕಾಂಪೌಂಡಿನ ವಿಲ್ಲಾ ಬಂತು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದವರು ಒಬ್ಬರನ್ನೊಬ್ಬರು ಕಾಣಲು ಕಾರು ಹತ್ತಬೇಕಾಯಿತು. ಸಂಜೆಯ ದಿವಾನಿಯಾ ಮಾತ್ರ ತಪ್ಪಲಿಲ್ಲ. ಗಂಡಸರು ಕುಳಿತು ಚಹಾ ಕುಡಿಯುತ್ತ ರಾಜಕೀಯದಿಂದ ಮದುವೆ ಸಂಬಂಧದವರೆಗೆ ಹರಟುವ ಆ ಪಡಸಾಲೆ ವಿಲ್ಲಾದೊಳಗೂ ತನ್ನ ಜಾಗ ಮಾಡಿಕೊಂಡಿತು.

ನಮ್ಮವರು ಕಾಣಿಸಿಕೊಳ್ಳುವುದು ಈ ಹೊತ್ತಿಗೆ. ಎಣ್ಣೆ ಕಂಪೆನಿ ಕಟ್ಟಿದ ಅಹ್ಮದಿ ಪಟ್ಟಣದಲ್ಲಿ ಯುರೋಪಿನ ಅಧಿಕಾರಿಗಳಿಗೆ ಒಂದು ಭಾಗ, ಭಾರತ ಪಾಕಿಸ್ತಾನದ ಗುಮಾಸ್ತರು, ಕುಶಲಕರ್ಮಿಗಳಿಗೆ ಇನ್ನೊಂದು, ಅರಬ್ ಕೂಲಿಗಳಿಗೆ ಮತ್ತೊಂದು. ಮನೆಯ ಅಳತೆ, ತೋಟದ ಹಸಿರು ಎಲ್ಲವೂ ದರ್ಜೆ ಪ್ರಕಾರ. ನೆಲದ ಮಕ್ಕಳಿಗೇ ಕೊನೆಯ ಸಾಲು! 1957ರ ಮೊದಲ ಜನಗಣತಿಯಲ್ಲಿ ಜನಸಂಖ್ಯೆ 2,06,473. ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಮಂದಿ ಹೊರಗಿನವರು. 1965ರ ಹೊತ್ತಿಗೆ ಹೊರಗಿನವರೇ ಹೆಚ್ಚಾದರು. ಶಿಕ್ಷಕರು ಪ್ಯಾಲೆಸ್ಟೀನ್, ಈಜಿಪ್ಟಿನವರು, ಲೆಕ್ಕ ಬರೆಯುವವರಲ್ಲಿ ಬಹಳ ಮಂದಿ ನಮ್ಮವರು.

ರೂಪಾಯಿಯ ಕಥೆಯೂ ಇಲ್ಲೇ ಹೇಳಬೇಕು. ಕೊಲ್ಲಿಯಿಂದ ಭಾರತಕ್ಕೆ ಕಳ್ಳದಾರಿಯಲ್ಲಿ ಚಿನ್ನ ಬರತೊಡಗಿ, ಅದಕ್ಕೆ ಬದಲಾಗಿ ರೂಪಾಯಿ ಹೊರಗೆ ಹರಿದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1961ರಲ್ಲಿ ಕುವೈತ್ ತನ್ನದೇ ದೀನಾರ್ ತಂದಿತು. ಆಗ ಒಂದು ದೀನಾರಿಗೆ 13 ರೂಪಾಯಿ 33 ಪೈಸೆ. ಅದೇ ವರ್ಷ ಜೂನ್ 19ರಂದು ದೇಶ ಸ್ವತಂತ್ರವಾಯಿತು. 1966ರಲ್ಲಿ ವಿಶ್ವವಿದ್ಯಾನಿಲಯ, 1975ರಲ್ಲಿ ಎಣ್ಣೆಯ ಪೂರ್ತಿ ಒಡೆತನ. ಮರುವರ್ಷ ಮುಂದಿನ ಪೀಳಿಗೆಗೆಂದು ಆದಾಯದ ಹತ್ತನೇ ಒಂದು ಭಾಗ ಎತ್ತಿಡುವ ನಿಧಿ. ಬುದ್ಧಿವಂತಿಕೆಯ ಪಕ್ಕದಲ್ಲೇ ಮರುಳೂ ಇತ್ತು. 1982ರಲ್ಲಿ ಸೂಕ್ ಅಲ್-ಮನಾಖ್ ಎಂಬ ಷೇರುಪೇಟೆ ಮುಂದಿನ ತಾರೀಖಿನ ಚೆಕ್ಕುಗಳ ಮೇಲೆ ಉಬ್ಬಿ ಒಡೆದಾಗ ಅನೇಕ ಮನೆಗಳು ಮತ್ತೆ ಸಾಲದ ಪುಸ್ತಕ ತೆರೆದವು.

1990ರ ಆಗಸ್ಟ್ 2ರ ಬೆಳಿಗ್ಗೆ ಇರಾಕಿನ ಸೈನ್ಯ ಒಳಗೆ ಬಂತು. ದೀನಾರ್ ಕಾಗದವಾಯಿತು. ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ಅಮ್ಮಾನಿನ ಮೂಲಕ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳ ಕಾಲ ಹೊತ್ತು ತಂದವು. ನಮ್ಮ ಊರುಗಳಿಗೂ ಅವರು ಬಂದರು. ಇಪ್ಪತ್ತು ವರ್ಷದ ದುಡಿಮೆಯನ್ನು ಒಂದು ಬ್ಯಾಗಿನಲ್ಲಿ ಹಿಡಿದು ಬಂದವರನ್ನು ನೋಡಲು ನೆರೆಯವರು ಸೇರುತ್ತಿದ್ದರು. ಎರಡನೆಯ ದಿನ ಅವರ ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಪ್ರಶ್ನೆ. ಅತ್ತ ಹಿಮ್ಮೆಟ್ಟಿದ ಸೈನ್ಯ ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟಿತು. ಕೊನೆಯ ಬಾವಿ ಆರಿದ್ದು 1991ರ ನವೆಂಬರ್ 6ರಂದು. ಹೊಗೆ ಆರಿದ ಮೇಲೆ ನಮ್ಮವರಲ್ಲಿ ಎಷ್ಟೋ ಮಂದಿ ಅದೇ ಬ್ಯಾಗು ಹಿಡಿದು ಮತ್ತೆ ಹೋದರು.

ಮುತ್ತಿನ ಹಡಗುಗಳು ಈಗಲೂ ಹೊರಡುತ್ತವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1986ರಿಂದ ಕುವೈತಿನಲ್ಲಿ ಹಿರಿಯರ ನೆನಪಿಗಾಗಿ ಬೇಸಿಗೆಯಲ್ಲಿ ಇಂಥ ಯಾನ ಏರ್ಪಡಿಸುವ ಪದ್ಧತಿ ಬೆಳೆದಿದೆ. ಕಾಲೇಜು ವಯಸ್ಸಿನ ಹುಡುಗರು ಹಾಯಿ ಎತ್ತಲು ಕಲಿತು, ಕೆಲವು ದಿನ ಕಡಲಲ್ಲಿದ್ದು, ಸಿಕ್ಕ ಚಿಪ್ಪು ತೆರೆದು, ದಡಕ್ಕೆ ಮರಳುತ್ತಾರೆ. ತಾಯಂದಿರು ದಡದಲ್ಲಿ ಕಾಯುತ್ತಾರೆ. ಆ ಹಡಗಿನಲ್ಲಿ ಹಾಯಿ, ಹಗ್ಗ, ಹಾಡು ಎಲ್ಲ ಇದೆ. ಸಾಲದ ಪುಸ್ತಕವನ್ನು ಮಾತ್ರ ಯಾರೂ ಹತ್ತಿಸುವುದಿಲ್ಲ.