ಅಪರಾಧಶಾಸ್ತ್ರ ಶಿಕ್ಷಣ (ದಕ್ಷಿಣ ಕನ್ನಡ)

ಅಪರಾಧಗಳು ಏಕೆ ನಡೆಯುತ್ತವೆ, ಅವನ್ನು ಪತ್ತೆಹಚ್ಚಿ ರುಜುವಾತುಪಡಿಸುವುದು ಹೇಗೆ, ತಪ್ಪಿತಸ್ಥರ ಮತ್ತು ಸಂತ್ರಸ್ತರ ವಿಷಯದಲ್ಲಿ ಸಮಾಜದ ಹೊಣೆ ಏನು ಎಂಬುದು ಅಪರಾಧಶಾಸ್ತ್ರದ ವ್ಯಾಪ್ತಿ. ಕಾನೂನು, ವಿಜ್ಞಾನ, ಸಮಾಜಕಾರ್ಯ ಮೂರೂ ಇದರಲ್ಲಿ ಸೇರುತ್ತವೆ.

ಭಾರತದಲ್ಲಿ ಈ ವಿಷಯಕ್ಕೆ ವಿಶ್ವವಿದ್ಯಾಲಯ ಮಟ್ಟದ ವಿಭಾಗ ಮೊದಲು ತೆರೆದದ್ದು ಸಾಗರ ವಿಶ್ವವಿದ್ಯಾಲಯದಲ್ಲಿ, 1959ರಲ್ಲಿ. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ ಪ್ರಮುಖವಾದದ್ದು. ಗುರುವಾಯನಕೆರೆ, ಬಂಟ್ವಾಳ, ಮೂಡುಬಿದಿರೆ ಸುತ್ತಿನ ವಿದ್ಯಾರ್ಥಿಗಳಿಗೆ ಹತ್ತಿರದ ಹಳೆಯ ಕೇಂದ್ರವೆಂದರೆ ಮಂಗಳೂರಿನ ವೆಲೆನ್ಸಿಯಾದಲ್ಲಿರುವ ರೋಶನಿ ನಿಲಯ. 1960ರಲ್ಲಿ ಸಮಾಜಕಾರ್ಯ ಶಾಲೆಯಾಗಿ ಆರಂಭವಾದ ಈ ಸಂಸ್ಥೆ ಮಂಗಳೂರು ವಿಶ್ವವಿದ್ಯಾಲಯದ ಸಂಯೋಜನೆಯಡಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನವನ್ನು ಸ್ನಾತಕೋತ್ತರ ಹಂತದಲ್ಲಿ ಕಲಿಸುತ್ತ ಬಂದಿದೆ.

ದಂಡಶಾಸ್ತ್ರ, ಸಂತ್ರಸ್ತಶಾಸ್ತ್ರ, ಬಾಲ ನ್ಯಾಯ, ಪೊಲೀಸ್ ಆಡಳಿತ, ಬೆರಳಚ್ಚು, ವಿಷಶಾಸ್ತ್ರ, ಡಿಎನ್‌ಎ, ಸೈಬರ್ ಅಪರಾಧ ಈ ವಿಷಯದ ಮುಖ್ಯ ಪಾಠಗಳು. ಸಾಕ್ಷ್ಯವನ್ನು ಕಾಪಾಡುವ ಶಿಸ್ತು ಇವುಗಳ ತಳಹದಿ. ಸ್ಥಳದಲ್ಲಿ ಸಿಕ್ಕ ವಸ್ತುವನ್ನು ಮಹಜರಿನಲ್ಲಿ ದಾಖಲಿಸಿ, ಅರಗಿನ ಮೊಹರು ಹಾಕಿ, ಪಂಚರ ಸಹಿ ಪಡೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಒಂದೆಡೆ ತಪ್ಪಿದರೂ ನ್ಯಾಯಾಲಯದಲ್ಲಿ ವರದಿಯ ಬಲ ಕುಗ್ಗುತ್ತದೆ.

ಹೊಳೆ, ಕೆರೆಗಳ ಈ ಸೀಮೆಗೆ ಸಲ್ಲುವ ಉದಾಹರಣೆ ಡಯಾಟಮ್ ಪರೀಕ್ಷೆ. ಉಸಿರಿರುವಾಗಲೇ ಮುಳುಗಿದವರ ಶ್ವಾಸಕೋಶದಿಂದ ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ರಕ್ತದ ಮೂಲಕ ಮೂಳೆಮಜ್ಜೆಯನ್ನು ತಲುಪಬಲ್ಲವು. ಮಜ್ಜೆಯಲ್ಲಿ ದೊರೆತವನ್ನು ಘಟನಾಸ್ಥಳದ ನೀರಿನ ಮಾದರಿಯೊಂದಿಗೆ ಹೋಲಿಸುತ್ತಾರೆ. ಆದರೆ ಇದು ಪೂರಕ ಸಾಕ್ಷ್ಯ ಮಾತ್ರ. ಇದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ.

ಸಂಶೋಧನೆಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿ ಸಾಮಾನ್ಯ ಆಕರ. ಠಾಣೆಯಲ್ಲಿ ದಾಖಲಾದ ಪ್ರಕರಣಗಳಷ್ಟೇ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ. ಹೆದರಿಕೆ, ಮರ್ಯಾದೆಯ ಪ್ರಶ್ನೆ, ಅಲೆದಾಟದ ಭಯದಿಂದ ದೂರು ಕೊಡದವರ ಅನುಭವ ತಿಳಿಯಲು ಸಂತ್ರಸ್ತರ ಸಮೀಕ್ಷೆಯೂ ಕಾರಾಗೃಹ, ನ್ಯಾಯಾಲಯಗಳ ಕ್ಷೇತ್ರಕಾರ್ಯವೂ ಅಗತ್ಯ. ಮಾತನಾಡುವವರ ಒಪ್ಪಿಗೆ ಪಡೆಯುವುದು, ಹೆಸರನ್ನು ಗೋಪ್ಯವಾಗಿಡುವುದು ಸಂಶೋಧಕರ ಮೊದಲ ಕರ್ತವ್ಯ.

ಈ ಪದವಿ ಪಡೆದವರಿಗೆ ಪೊಲೀಸ್ ಇಲಾಖೆಯಲ್ಲದೆ ಬೇರೆ ದಾರಿಗಳೂ ಇವೆ. ವಿಜ್ಞಾನದ ಹಿನ್ನೆಲೆಯವರು ಬೆಂಗಳೂರಿನ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ, ಮಂಗಳೂರು ಮೊದಲಾದೆಡೆಯ ಪ್ರಾದೇಶಿಕ ಪ್ರಯೋಗಾಲಯಗಳ ಹುದ್ದೆಗಳಿಗೆ ಸ್ಪರ್ಧಿಸಬಹುದು. ಸಮಾಜಕಾರ್ಯದ ಒಲವುಳ್ಳವರಿಗೆ ಪರಿವೀಕ್ಷಣೆ, ಮಕ್ಕಳ ರಕ್ಷಣೆ, ಕೈದಿಗಳ ಪುನರ್ವಸತಿಯಂಥ ಕ್ಷೇತ್ರಗಳಿವೆ. ಬ್ಯಾಂಕು, ವಿಮಾ ಕಂಪನಿಗಳಲ್ಲಿ ವಂಚನೆ ತನಿಖೆಯ ಕೆಲಸವಿದೆ. ಬೋಧನೆಗೆ ಹೋಗುವವರಿಗಾಗಿ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರ, ವಿಧಿವಿಜ್ಞಾನ ಎರಡೂ ಪ್ರತ್ಯೇಕ ವಿಷಯಗಳಾಗಿವೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ಇದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶವಿದೆ. ನಿಯಮ ಪೂರ್ಣವಾಗಿ ಜಾರಿಯಾಗಬೇಕಾದರೆ ತಾಲೂಕು ಮಟ್ಟದ ಠಾಣೆಗಳಿಗೂ ತರಬೇತಾದ ತಜ್ಞರು ಸಿಗಬೇಕು. ಅವರನ್ನು ಸಿದ್ಧಪಡಿಸುವ ಹೊಣೆ ಈ ವಿಭಾಗಗಳದು.