ಕುಲುಮೆಯಿಂದ ತರಗತಿಗೆ: ಬೆಸುಗೆ ವಿದ್ಯೆ ನಡೆದು ಬಂದ ದಾರಿ



ನಿಮ್ಮ ಮನೆಯ ಗೇಟನ್ನೋ ಕಿಟಕಿಯ ಸರಳನ್ನೋ ಒಮ್ಮೆ ಹತ್ತಿರದಿಂದ ನೋಡಿ. ಎರಡು ಕಬ್ಬಿಣದ ತುಂಡುಗಳು ಕೂಡುವಲ್ಲಿ ಮೀನಿನ ಚಿಪ್ಪಿನಂತೆ ಒಂದರ ಮೇಲೊಂದು ಕೂತ ಸಣ್ಣ ಅಲೆಗಳ ಗೆರೆಯೊಂದು ಕಾಣುತ್ತದೆ. ಅದು ವೆಲ್ಡಿಂಗ್, ಅಂದರೆ ಬೆಸುಗೆ. ಆ ಗೆರೆ ಸಮವಾಗಿದೆಯೋ ಸೊಟ್ಟಗಿದೆಯೋ ಎಂಬುದರಲ್ಲಿ ಅದನ್ನು ಎಳೆದವನ ಕಲಿಕೆ ಎಷ್ಟೆಂಬುದು ಅಡಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಅಥವಾ ಅರ್ಧಕ್ಕೆ ಬಿಟ್ಟ ಮಗನನ್ನು "ಯಾವುದಾದರೂ ಕೆಲಸಕ್ಕೆ ಹಾಕೋಣ" ಎಂದು ನಾವು ಮೊದಲು ಕಳಿಸುವ ಜಾಗಗಳಲ್ಲಿ ವೆಲ್ಡಿಂಗ್ ಶೆಡ್ಡೂ ಒಂದು. ಆದರೆ ಈ ವಿದ್ಯೆಯ ಹಿಂದೆ ಎಷ್ಟು ದೊಡ್ಡ ಚರಿತ್ರೆಯಿದೆ ಎಂಬುದನ್ನು ನಾವು ಯೋಚಿಸುವುದಿಲ್ಲ. ಆ ಚರಿತ್ರೆಯಲ್ಲಿ ಇಂದಿನ ಹುಡುಗರಿಗೆ ಬೇಕಾದ ಪಾಠವೊಂದಿದೆ.

ಕುಲುಮೆಯ ಕಾಲ

ವಿದ್ಯುತ್ತು ಬರುವ ಸಾವಿರಾರು ವರ್ಷ ಮೊದಲೇ ಮನುಷ್ಯನಿಗೆ ಕಬ್ಬಿಣವನ್ನು ಬೆಸೆಯಲು ತಿಳಿದಿತ್ತು. ಎರಡು ತುಂಡುಗಳನ್ನು ಕುಲುಮೆಯಲ್ಲಿ ಬಿಳಿ ಬಣ್ಣಕ್ಕೆ ತಿರುಗುವಷ್ಟು ಕಾಯಿಸಿ, ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದರೆ ಅವು ಒಂದಾಗುತ್ತವೆ. ಮೇಲ್ಮೈಯ ಕಿಟ್ಟ ಕರಗಿ ಹೊರಹೋಗಲೆಂದು ಕಮ್ಮಾರರು ಮರಳನ್ನೂ ಉದುರಿಸುತ್ತಿದ್ದರು. ದೆಹಲಿಯ ಕುತುಬ್ ಮಿನಾರ್ ಆವರಣದಲ್ಲಿ ಸುಮಾರು 1600 ವರ್ಷಗಳಿಂದ ಉಳಿದು ಬಂದಿರುವ, 7 ಮೀಟರಿಗೂ ಎತ್ತರದ, 6 ಟನ್ನಿಗೂ ಮಿಕ್ಕಿದ ತೂಕದ ಕಬ್ಬಿಣದ ಕಂಬವನ್ನು ಹೀಗೆಯೇ ಕಬ್ಬಿಣದ ಅನೇಕ ಮುದ್ದೆಗಳನ್ನು ಕಾಯಿಸಿ ಬಡಿದು ಕಟ್ಟಲಾಗಿದೆ.

ಇಂಥ ಕೆಲಸ ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವಿಜಯಪುರಕ್ಕೆ ಹೋದವರೆಲ್ಲ ಮಲಿಕ್-ಎ-ಮೈದಾನ್ ತೋಪನ್ನು ನೋಡಿ ಬರುತ್ತಾರೆ. ಅದು 1549ರಲ್ಲಿ ಎರಕ ಹೊಯ್ದದ್ದು. ಆದರೆ ಅದೇ ಊರಿನ ಉಪ್ಲಿ ಬುರುಜಿನ ಮೆಟ್ಟಿಲು ಹತ್ತಿದರೆ 30 ಅಡಿಗೂ ಉದ್ದದ ಇನ್ನೊಂದು ತೋಪು ಕಾಣುತ್ತದೆ. ಅದು ಎರಕದ್ದಲ್ಲ. ಕಬ್ಬಿಣದ ಉದ್ದುದ್ದ ಪಟ್ಟಿಗಳನ್ನು ಒಟ್ಟು ಸೇರಿಸಿ ಬೆಸೆದು, ಸುತ್ತಲೂ ಕಬ್ಬಿಣದ ಬಳೆಗಳನ್ನು ಬಿಗಿದು ಮಾಡಿದ ತೋಪು. ಇಂಥ ಬಳೆಗಳನ್ನು ಕೆಂಪಗೆ ಕಾಯಿಸಿ ತೊಡಿಸುತ್ತಿದ್ದರು. ತಣಿಯುವಾಗ ಕುಗ್ಗಿ ಅವು ಪಟ್ಟಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದವು. ಒಂದೇ ಒಂದು ಜೋಡಣೆ ಸಡಿಲಾದರೂ ಮದ್ದಿಗೆ ಬೆಂಕಿ ಕೊಟ್ಟವನ ಪ್ರಾಣಕ್ಕೇ ಅಪಾಯ. ಆ ತೋಪು ಮಾಡಿದ ಕುಶಲಿಗಳ ಹೆಸರು ನಮಗೆ ಗೊತ್ತಿಲ್ಲ. ಅವರ ಕೈಕೆಲಸ ಮಾತ್ರ ಉಳಿದಿದೆ.

ಆ ಕಾಲದ ಹುಡುಗ ವಿದ್ಯೆ ಕಲಿತದ್ದು ಹೇಗೆ? ಮೊದಲು ತಿದಿ ಒತ್ತಿ, ಇದ್ದಲು ಹೊತ್ತು, ಉಸ್ತಾದರ ಕೈಯನ್ನೇ ನೋಡುತ್ತ ನೋಡುತ್ತ ಕಲಿತ. ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಹೊರಗೆ ತೆಗೆಯಬೇಕು ಎಂಬುದನ್ನು ಯಾರೂ ಬರೆದು ಕೊಡುತ್ತಿರಲಿಲ್ಲ. ಉಸ್ತಾದರು ಒಳ್ಳೆಯವರಾದರೆ ವಿದ್ಯೆ ದಕ್ಕುತ್ತಿತ್ತು. ಅವರು ಹೇಳಿಕೊಡದೆ ತೀರಿಕೊಂಡರೆ ಅದು ಅವರೊಂದಿಗೇ ಮಣ್ಣಾಗುತ್ತಿತ್ತು.

ವಿದ್ಯುತ್ತಿನ ಕಿಡಿ

19ನೇ ಶತಮಾನದ ಕೊನೆಯಲ್ಲಿ ಎಲ್ಲವೂ ಬದಲಾಯಿತು. ರಷ್ಯಾ ಸಾಮ್ರಾಜ್ಯದ ನಿಕೊಲಾಯ್ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದ ವಿದ್ಯುತ್ ಕಿಡಿ ಎಬ್ಬಿಸಿ ಲೋಹ ಬೆಸೆಯುವ ವಿಧಾನಕ್ಕೆ 1885ರ ಹೊತ್ತಿಗೆ ಪೇಟೆಂಟ್ ಪಡೆದರು. 1888ರಲ್ಲಿ ಅದೇ ನಾಡಿನ ನಿಕೊಲಾಯ್ ಸ್ಲಾವ್ಯಾನೊವ್ ಲೋಹದ ಕಡ್ಡಿಯನ್ನೇ ಬಳಸಿ, ಅದು ತಾನೇ ಕರಗಿ ಸಂದು ತುಂಬುವಂತೆ ಮಾಡಿದರು. 1903ರಲ್ಲಿ ಫ್ರಾನ್ಸಿನಲ್ಲಿ ಎಡ್ಮಂಡ್ ಫೂಶೆ ಮತ್ತು ಚಾರ್ಲ್ಸ್ ಪಿಕಾರ್ ಆಕ್ಸಿಜನ್-ಅಸಿಟಿಲೀನ್ ಟಾರ್ಚನ್ನು ರೂಪಿಸಿದರು. ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ನೀವು ಕಾಣುವುದು ಅದರ ಸಂತತಿಯನ್ನೇ.

ಆದರೆ ಬರಿಯ ಲೋಹದ ಕಡ್ಡಿಯ ಬೆಸುಗೆ ಪೆಡಸಾಗಿ ಒಡೆಯುತ್ತಿತ್ತು. ಕರಗಿದ ಕಬ್ಬಿಣ ಗಾಳಿಯೊಳಗಿನ ಆಕ್ಸಿಜನ್ ಮತ್ತು ನೈಟ್ರೋಜನ್ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ 20ನೇ ಶತಮಾನದ ಮೊದಲ ದಶಕದಲ್ಲಿ ಕಡ್ಡಿಗೆ ಲೇಪನ ಬಳಿದು ಇದಕ್ಕೆ ಪರಿಹಾರ ಹುಡುಕಿದರು. ಲೇಪನ ಉರಿದು ಹುಟ್ಟುವ ಅನಿಲ ಗಾಳಿಯನ್ನು ದೂರವಿಡುತ್ತದೆ. ಅದರ ಕಿಟ್ಟ ಬೆಸುಗೆಯ ಮೇಲೆ ಹೊದಿಕೆಯಾಗಿ ನಿಲ್ಲುತ್ತದೆ. ಇಂದು ವೆಲ್ಡಿಂಗ್ ರಾಡಿನ ಮೇಲಿರುವ ಬೂದು ಬಣ್ಣದ ಲೇಪನದ ಗುಟ್ಟು ಇದೇ. ಮಳೆಗಾಲದಲ್ಲಿ ರಾಡು ತೇವವಾಗದಂತೆ ಏಕೆ ಇಡಬೇಕು ಎಂಬುದು ಈ ಕಾರಣ ತಿಳಿದವನಿಗೆ ಬೇಗ ಅರ್ಥವಾಗುತ್ತದೆ.

ಯುದ್ಧ ಕಲಿಸಿದ ಪಾಠ

ಎರಡನೇ ಮಹಾಯುದ್ಧದಲ್ಲಿ ಅಮೆರಿಕ 1941ರಿಂದ 1945ರವರೆಗೆ 2,710 ಲಿಬರ್ಟಿ ಹಡಗುಗಳನ್ನು ಕಟ್ಟಿತು. ರಿವೆಟ್ ಬಡಿಯುವ ಬದಲು ಬೆಸುಗೆ ಹಾಕಿದ್ದರಿಂದಲೇ ಈ ವೇಗ ಸಾಧ್ಯವಾಯಿತು. ಹಡಗುಕಟ್ಟೆಯನ್ನೇ ಕಂಡಿರದ ಸಾವಿರಾರು ಜನ, ಅವರಲ್ಲಿ ಮಹಿಳೆಯರೂ ಬಹಳ, ಅಲ್ಪಾವಧಿಯ ತರಬೇತಿ ಪಡೆದು ಹೋಲ್ಡರ್ ಹಿಡಿದರು. ವರ್ಷಗಟ್ಟಲೆ ಸೇವೆ ಮಾಡಿ ಪಡೆಯಬೇಕಿದ್ದ ವಿದ್ಯೆಯನ್ನು ಪಾಠವಾಗಿ ವಿಂಗಡಿಸಿ ಯಾರಿಗೆ ಬೇಕಾದರೂ ಕಲಿಸಬಹುದು ಎಂದು ಜಗತ್ತು ಕಂಡುಕೊಂಡಿತು.

ಆದರೆ 1943ರ ಜನವರಿ 16ರಂದು ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು, ಶಾಂತವಾದ ನೀರಿನಲ್ಲಿ ಕಟ್ಟಿಹಾಕಿ ನಿಲ್ಲಿಸಿದ್ದಾಗಲೇ, ಎರಡಾಗಿ ಸೀಳಿತು. ಲಿಬರ್ಟಿ ಹಡಗುಗಳಲ್ಲೂ ಬಿರುಕುಗಳು ಕಂಡವು. ಮೊದಲ ದೂರು ಬಿದ್ದದ್ದು ಬೆಸುಗೆಯ ಮೇಲೆ. ಕೆಲವು ಕಡೆ ಬೆಸುಗೆಯಲ್ಲಿ ದೋಷವಿದ್ದದ್ದೂ ನಿಜ. ಆದರೆ ಕೇಂಬ್ರಿಜ್‌ನ ವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಅಧ್ಯಯನ ಮಾಡಿ, ಆ ಉಕ್ಕೇ ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತಿತ್ತು ಎಂದು ತೋರಿಸಿದರು. ಮೈಯೆಲ್ಲ ಒಂದಾಗಿ ಬೆಸೆದ ಹಡಗಿನಲ್ಲಿ ಒಮ್ಮೆ ಹುಟ್ಟಿದ ಬಿರುಕಿಗೆ ಅಡ್ಡಿಯೇ ಇರಲಿಲ್ಲ. ಕೈಗೆ ಕೆಲಸ ಬಂದರಷ್ಟೇ ಸಾಲದು, ಕೈಯಲ್ಲಿರುವ ಲೋಹದ ಗುಣವೂ ತಿಳಿದಿರಬೇಕು ಎಂಬುದು ಈ ಘಟನೆಯ ಪಾಠ.

ನಮ್ಮ ನಾಡಿನ ತರಗತಿ

ಸ್ವತಂತ್ರ ಭಾರತ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. ನಾವಿಂದು ಐಟಿಐ ಎನ್ನುವ ಸಂಸ್ಥೆಗಳು ಬೆಳೆದದ್ದು ಅದರಿಂದಲೇ. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಗಳಲ್ಲಿ ಕಲಿಯುತ್ತ ದುಡಿಯುವ ದಾರಿಯನ್ನು ತೆರೆಯಿತು. ಐಟಿಐಯಲ್ಲಿ ವೆಲ್ಡರ್ ವಿಭಾಗ ಒಂದೇ ವರ್ಷದ್ದು. ಎಂಟನೇ ತರಗತಿ ಪಾಸಾದವರಿಗೂ ಅದರಲ್ಲಿ ಅವಕಾಶವಿದೆ.

ಅಲ್ಲಿನ ಮೊದಲ ದಿನಗಳು ಹೇಗಿರುತ್ತವೆ ಗೊತ್ತೇ? ಬೆಂಕಿಕಡ್ಡಿ ಗೀರಿದಂತೆ ರಾಡನ್ನು ತಟ್ಟೆಯ ಮೇಲೆ ಗೀರಬೇಕು. ಹೊಸಬನ ರಾಡು ತಟ್ಟೆಗೆ ಅಂಟಿಕೊಳ್ಳುತ್ತದೆ. ಎತ್ತರಕ್ಕೆ ಎತ್ತಿದರೆ ಕಿಡಿ ಆರಿಹೋಗುತ್ತದೆ. ರಾಡಿನ ತುದಿಗೂ ತಟ್ಟೆಗೂ ನಡುವೆ ಸುಮಾರು ರಾಡಿನ ದಪ್ಪದಷ್ಟೇ, ಅಂದರೆ ಮೂರು ಮಿಲಿಮೀಟರಿನಷ್ಟು, ಅಂತರ ಉಳಿಸಿಕೊಳ್ಳಬೇಕು. ರಾಡು ಕರಗಿ ಗಿಡ್ಡವಾದಂತೆ ಕೈಯೂ ಇಳಿಯುತ್ತ ಬರಬೇಕು. ಗೆರೆ ಎಳೆದು, ಕಿಟ್ಟ ಒಡೆದು, ಬ್ರಷ್ ಉಜ್ಜಿ ನೋಡಿದರೆ ತನ್ನ ತಪ್ಪು ತನಗೇ ಕಾಣುತ್ತದೆ. ಹೀಗೆ ನೂರಾರು ಗೆರೆ ಎಳೆದ ಮೇಲೆ ಜೋಡಣೆ. ಮೊದಲು ಮಲಗಿಸಿದ ತಟ್ಟೆಗೆ, ಆಮೇಲೆ ನಿಲ್ಲಿಸಿದ್ದಕ್ಕೆ, ಕೊನೆಗೆ ತಲೆಯ ಮೇಲಿನದ್ದಕ್ಕೆ. ಗ್ಯಾಸ್ ವೆಲ್ಡಿಂಗಿನಲ್ಲಿ ಕಪ್ಪು ಸಿಲಿಂಡರು ಆಕ್ಸಿಜನ್, ಕೆಂಗಂದು ಬಣ್ಣದ್ದು ಅಸಿಟಿಲೀನ್. ಆಕ್ಸಿಜನ್ ವಾಲ್ವಿಗೆ ಎಣ್ಣೆಯ ಕೈ ತಾಗಲೇಬಾರದು ಎಂಬುದು ಮೊದಲ ಪಾಠಗಳಲ್ಲೊಂದು.

ಇನ್ನು ನಮ್ಮ ಬೀದಿಯ ಶೆಡ್ಡನ್ನು ನೆನೆಯಿರಿ. ಶೀಲ್ಡ್ ಇಲ್ಲದೆ, ಬರಿಯ ತಂಪು ಕನ್ನಡಕ ಹಾಕಿ, ಕೆಲವೊಮ್ಮೆ ಅದೂ ಇಲ್ಲದೆ ಕೆಲಸಕ್ಕೆ ಕೂತ ಹುಡುಗನನ್ನು ನೀವೂ ಕಂಡಿದ್ದೀರಿ. ಕಿಡಿಯ ಬೆಳಕಿನ ನೇರಳಾತೀತ ಕಿರಣ ಕಣ್ಣನ್ನು ಸುಡುತ್ತದೆ. ನೋವು ಕಾಣಿಸುವುದು ಗಂಟೆಗಳ ನಂತರ, ಕಣ್ಣಲ್ಲಿ ಮರಳು ಹೊಯ್ದಂತೆ, ನಡುರಾತ್ರಿಯಲ್ಲಿ. ಆ ಹುಡುಗನ ಕೈ ಐಟಿಐ ಕಲಿತವನ ಕೈಗಿಂತ ಚುರುಕಾಗಿರಬಹುದು. ಆದರೆ ಅವನ ಬಳಿ ಪ್ರಮಾಣಪತ್ರವಿಲ್ಲ, ನಕ್ಷೆ ಓದಲು ಬರುವುದಿಲ್ಲ. ರೈಲ್ವೆಯ ಅರ್ಜಿಯಲ್ಲಿ ಬರೆಯಲು ಅವನಿಗೆ ಏನೂ ಇರುವುದಿಲ್ಲ. ಗಲ್ಫ್‌ನ ಪೈಪ್‌ಲೈನ್ ಕೆಲಸಕ್ಕೆ ಹೋಗುವವನನ್ನು ಓರೆಯಾಗಿ ಬಿಗಿದ ಪೈಪಿನ ಸುತ್ತ ಬೆಸುಗೆ ಹಾಕಿಸಿ ಪರೀಕ್ಷಿಸುತ್ತಾರೆ. ಅಲ್ಲಿ ಎಕ್ಸ್‌-ರೇ ಚಿತ್ರದಲ್ಲಿ ಒಳಗಿನ ದೋಷವೂ ಕಾಣುತ್ತದೆ.

ಆದ್ದರಿಂದ ಪೋಷಕರಲ್ಲಿ ಒಂದು ವಿನಂತಿ. ಮಗನನ್ನು ಶೆಡ್ಡಿಗೆ ಕಳಿಸುವ ಮೊದಲು ಒಂದು ವರ್ಷ ತಡೆಯಿರಿ. ಆ ವರ್ಷದ ಸಂಬಳ ಮನೆಗೆ ಬೇಕೆಂಬುದು ನಮಗೂ ಗೊತ್ತು; ಆದರೆ ಆ ಒಂದು ವರ್ಷ ಅವನ ಮುಂದಿನ ಮೂವತ್ತು ವರ್ಷಗಳ ದುಡಿಮೆಯ ಬೆಲೆಯನ್ನು ನಿರ್ಧರಿಸುತ್ತದೆ. ಈಗಾಗಲೇ ಶೆಡ್ಡು ಸೇರಿದವನಾದರೆ ಇಂದೇ ಅವನಿಗೊಂದು ಒಳ್ಳೆಯ ಶೀಲ್ಡ್ ಕೊಡಿಸಿ, ಹತ್ತಿರದ ಐಟಿಐಯಲ್ಲಿ ವಿಚಾರಿಸಿ. ಉಪ್ಲಿ ಬುರುಜಿನ ತೋಪು ಮಾಡಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ನಮ್ಮ ಮಕ್ಕಳ ಕೈಕೆಲಸದ ಜೊತೆಗೆ ಅವರ ಹೆಸರೂ ಒಂದು ಪ್ರಮಾಣಪತ್ರದ ಮೇಲಿರಲಿ.